ನಮ್ಮಪ್ಪನನ್ನು ಹಿಡಿದ ಸಾಹೇಬರು

ಅವರ ಕಾಲುಚೀಲ ತೂತಾಗಿತ್ತು. ಬಲಗಾಲಿನ ಹೆಬ್ಬೆರಳು ಅದರೊಳಗಿಂದ ಹೊರಗೆ ಬಂದಿತ್ತು. ಪಕ್ಕದಲ್ಲೇ ಹಿಂದೊಮ್ಮೆ ಹರಿದದ್ದನ್ನು ಯಾರೋ ಬಿಳಿ ದಾರದಿಂದ ಹೊಲಿದಿದ್ದರು. ಚೀಲ ಮಾತ್ರ ಕಂದು ಬಣ್ಣದ್ದು. ಜಮಖಂಡಿಯ ನಮ್ಮ ಮನೆಯ ಬಾಗಿಲಲ್ಲಿ, ಗೋಡೆಗೆ ಒಂದು ಕೈ ಕೊಟ್ಟು, ಆ ಎತ್ತರದ ಆಳು ಅರ್ಧ ಬಾಗಿ ಬೂಟು ಬಿಚ್ಚುತ್ತಿದ್ದರು. ಅವ್ವ ಆಗಷ್ಟೇ ಪಡಸಾಲೆ ಒರೆಸಿದ್ದಳು. ಜೊತೆಗೆ ಬಂದಿದ್ದವರು ಬೂಟುಗಾಲಲ್ಲೇ ಒಳಗೆ ನುಗ್ಗಿದಾಗ ಅವರು ತಲೆಯೆತ್ತಿ, "ನೆಲ ಹಸಿ ಐತಿ, ಕಾಣಸೂದಿಲ್ಲೇನು?" ಎಂದರು. ದನಿ ಏರಿಸಲಿಲ್ಲ. ಎಲ್ಲರೂ ಹಿಂದೆ ಸರಿದು ಬೂಟು ಬಿಚ್ಚಿದರು.

ಹೊರಗೆ ನಿಂತಿದ್ದ ಜೀಪಿನಲ್ಲಿ ನಮ್ಮಪ್ಪ ತಲೆ ತಗ್ಗಿಸಿ ಕುಳಿತಿದ್ದ.

ಲಂಚ ತೆಗೆದುಕೊಳ್ಳುವ ನೌಕರರನ್ನು ಹಿಡಿಯಲೆಂದೇ ಇರುವ ಪೊಲೀಸ್ ದಳದ ಇನ್ಸ್‌ಪೆಕ್ಟರ್ ಅವರು. ಅಪ್ಪ ಹೊಲ ಅಳೆಯುವ ಸರ್ವೇಯರ್. ಗಲಗಲಿಯ ಕಡೆಯ ವಿಧವೆಯೊಬ್ಬಳ ಹೊಲ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವುದಿತ್ತು. ಅಳತೆಯ ವರದಿ ಕೈಗೆ ಬಂದರೆ ಮಾತ್ರ ಅವಳಿಗೆ ಪರಿಹಾರ. ಆ ವರದಿಗಾಗಿ ಅಪ್ಪ ಅವಳಿಂದ ಹಣ ಕೇಳಿದ್ದ. ಅವಳು ದೂರು ಕೊಟ್ಟಿದ್ದಳು. ಪುಡಿ ಸವರಿದ ನೋಟುಗಳನ್ನು ಅವಳ ಕೈಗೆ ಕೊಟ್ಟು ಕಳಿಸಿ, ಬೀಳಗಿಯ ಹತ್ತಿರ ರಸ್ತೆ ಬದಿಯ ಚಹಾದಂಗಡಿಯಲ್ಲಿ ಅಪ್ಪ ಅವನ್ನು ಎಣಿಸಿ ಜೇಬಿಗಿಟ್ಟುಕೊಂಡ ಕೂಡಲೇ ಸಾಹೇಬರು ಎದುರಿಗೆ ಬಂದು ನಿಂತಿದ್ದರು. ಸೋಡಾ ಪುಡಿ ಕಲಸಿದ ನೀರಿನಲ್ಲಿ ಬೆರಳು ಅದ್ದಿಸಿದಾಗ, ನೋಟಿನ ಪುಡಿ ಹತ್ತಿದ್ದರಿಂದ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ತಿಳಿದದ್ದು ಇಷ್ಟೇ: ಪೊಲೀಸರು ನಮ್ಮ ಮನೆ ಹುಡುಕಲು ಬಂದಿದ್ದಾರೆ, ಅಪ್ಪ ಜೀಪಿನಿಂದ ಇಳಿಯಲು ಹೆದರುತ್ತಿದ್ದಾನೆ.

"ಅಕ್ಕಾರ, ಕುಂಡರ್ರಿ," ಎಂದು ಅವರು ಅವ್ವನಿಗೆ ಹೇಳಿದರು. "ನಾವು ಯಾಕ ಬಂದೇವಿ ಅಂತ ಮೊದಲ ಹೇಳತೀನಿ. ಆಮ್ಯಾಲ ಒಳಗ ಬರತೀವಿ."

ಹೇಳಿದರು. ಅವ್ವ ಕೂಡಲಿಲ್ಲ. ಕಂಬ ಹಿಡಿದುಕೊಂಡೇ ಕೇಳಿದಳು. ಎಲ್ಲ ಕೇಳಿ ಮುಗಿದ ಮೇಲೆ ಅವಳ ಬಾಯಿಂದ ಬಂದ ಮಾತು ಒಂದೇ: "ಅವರು ಊಟಾ ಮಾಡ್ಯಾರೇನ್ರಿ?"

ಸಾಹೇಬರು ಹೊರಗೆ ಜೀಪಿನಲ್ಲಿದ್ದ ಅಪ್ಪನ ಕಡೆ ತಿರುಗಿದರು. ಅಪ್ಪ ಇಲ್ಲವೆಂದು ತಲೆಯಾಡಿಸಿದ. "ಮೊದಲ ಊಟಾ ಮಾಡ್ರಿ ಸರ್ವೇಯರ್ರ. ಅವಸರಿಲ್ಲ," ಎಂದರು.

ಅವ್ವ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ ತಂದಿಟ್ಟಳು. ಅಪ್ಪ ಜೀಪಿನಿಂದ ಇಳಿದು ಒಳಗೆ ಬಂದು, ಹಿತ್ತಲಿಗೆ ಹೋಗಿ ಕೈ ತೊಳೆದು ಬಂದ. ತಾಟಿನ ಮುಂದೆ ಕುಳಿತು ಬಲಗೈ ನೋಡಿಕೊಂಡ. ಮತ್ತೆ ಎದ್ದು ಹೋಗಿ ತೊಳೆದು ಬಂದ. ಬೆರಳುಗಳ ಮೇಲೆ ಏನೂ ಉಳಿದಿರಲಿಲ್ಲ, ಆದರೂ ರೊಟ್ಟಿ ಮುರಿಯಲು ಅವನಿಗೆ ಆಗಲಿಲ್ಲ. ಮನೆ ತುಂಬ ಜನ ಅವನನ್ನೇ ನೋಡುತ್ತ ನಿಂತಿದ್ದರು. ಆಗ ಸಾಹೇಬರು ತಮ್ಮವರಿಗೆಲ್ಲ ಕೈ ಸನ್ನೆ ಮಾಡಿ ಪಡಸಾಲೆಗೆ ಕಳಿಸಿದರು. ಹಿತ್ತಲ ಬಾಗಿಲಲ್ಲಿ ಒಬ್ಬ ಪೇದೆಯನ್ನು ಆಚೆ ಮುಖ ಮಾಡಿಸಿ ನಿಲ್ಲಿಸಿ, ತಾವು ನಡುಬಾಗಿಲಲ್ಲಿ ನಮಗೆ ಬೆನ್ನು ಕೊಟ್ಟು ನಿಂತರು. ಅವ್ವ ತುತ್ತು ಮಾಡಿ ಅಪ್ಪನ ಬಾಯಿಗಿಟ್ಟಳು. ಅವನು ಎರಡು ತುತ್ತು ನುಂಗಿದ. ಅಷ್ಟು ಹೊತ್ತೂ ಆ ಬೆನ್ನು ತಿರುಗಲಿಲ್ಲ.

ಆಮೇಲೆ ಹುಡುಕಾಟ ಸಂಜೆಯವರೆಗೆ ನಡೆಯಿತು. ಅಲಮಾರಿ, ಟ್ರಂಕು, ದೇವರ ಕೋಣೆ, ಅಕ್ಕಿಯ ಡಬ್ಬಿ. ನನ್ನ ಬಟ್ಟೆಗಳಿಗೆ ಗಂಡಸೊಬ್ಬ ಕೈ ಹಾಕಿದಾಗ ತಡೆದು ಮಹಿಳಾ ಪೇದೆಯನ್ನು ಕರೆದರು. ಮನೆಯ ಕಾಗದಗಳನ್ನೆಲ್ಲ ಒಂದು ಗಂಟು ಕಟ್ಟುತ್ತಿದ್ದಾಗ ನನ್ನ ಪುಸ್ತಕಗಳು ಕಣ್ಣಿಗೆ ಬಿದ್ದವು.

"ಪರೀಕ್ಷಾ ಯಾವಾಗ ತಂಗಿ?"

"ನಾಳೆ," ಎಂದೆ. ಅದು ನನ್ನ ಬಿ.ಎಸ್ಸಿ. ಕೊನೆಯ ವರ್ಷ.

ಅವರು ಕಟ್ಟಿದ ಗಂಟು ಬಿಚ್ಚಿಸಿದರು. ಕಾಗದಗಳ ನಡುವೆ ಸಿಕ್ಕಿಕೊಂಡಿದ್ದ ಹಾಲ್ ಟಿಕೆಟ್ ಹುಡುಕಿ ತೆಗೆದು ನನ್ನ ಕೈಗೆ ಕೊಟ್ಟರು. "ಬರದ ಬಾ. ತಪ್ಪಸಬ್ಯಾಡ," ಎಂದರು. ನಾನು ಅದನ್ನು ಕಸಿದುಕೊಂಡೆ. ಧನ್ಯವಾದ ಹೇಳುವ ಮನಸ್ಸು ನನಗೆ ಎಲ್ಲಿಂದ ಬರಬೇಕು?

ಅವ್ವ ರೂಢಿಯಂತೆ ನೀರು ತಂದಿಟ್ಟಿದ್ದಳು. ಅವರು ಚೊಂಬಿಗೆ ಕೈ ಮುಗಿದು, "ಹುಡುಕಾಕ ಬಂದ ಮನ್ಯಾಗ ನಾ ನೀರ ಕುಡಿಯೂದಿಲ್ರಿ ಅಕ್ಕಾರ. ತಪ್ಪ ತಿಳೀಬ್ಯಾಡ್ರಿ," ಎಂದರು. ಕುರ್ಚಿಯಲ್ಲೂ ಕೂಡಲಿಲ್ಲ. ಅಷ್ಟು ಹೊತ್ತು ನಿಂತೇ ಇದ್ದು, ಕತ್ತಲಾಗುವ ಮೊದಲು ಅಪ್ಪನನ್ನು ಕರೆದುಕೊಂಡು ಹೋದರು.

ನಾನು ಅವರನ್ನು ದ್ವೇಷಿಸಿದೆ. ನಮ್ಮ ಓಣಿಯಲ್ಲಿ ಅಪ್ಪನನ್ನು ಎಲ್ಲರೂ ಬಲ್ಲರು. ಯಾರ ಮನೆಯಲ್ಲಿ ಮದುವೆಯಾದರೂ ಪಂಕ್ತಿಯಲ್ಲಿ ಓಡಾಡಿ ಬಡಿಸುವವನು, ನನ್ನ ಸೈಕಲ್ಲಿಗೆ ತಾನೇ ಎಣ್ಣೆ ಹಾಕುವವನು. ಇಂಥವನನ್ನು ಯಾರೋ ಬೇಕೆಂದೇ ಸಿಕ್ಕಿಸಿದ್ದಾರೆ, ಆ ಉದ್ದನೆಯ ಮನುಷ್ಯ ಅದಕ್ಕೆ ಕೈ ಜೋಡಿಸಿದ್ದಾನೆ ಎಂದು ನಂಬಿದೆ. ಜಾಮೀನಿನ ಮೇಲೆ ಮನೆಗೆ ಬಂದ ಅಪ್ಪನೂ ಅದನ್ನೇ ಹೇಳಿದ. "ಒಲ್ಲೆ ಒಲ್ಲೆ ಅಂದ್ರೂ ಆಕಿ ಕಿಸೆದಾಗ ತುರುಕಿದ್ಲು," ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ನಾನು ಅದನ್ನು ಗಮನಿಸಿಯೂ ಗಮನಿಸದವಳಂತೆ ಇದ್ದೆ.

ಕೋರ್ಟಿನ ತಾರೀಖಿಗೆ ಬಾಗಲಕೋಟೆಗೆ ಹೋಗುವಾಗ ಅಪ್ಪನ ಜೊತೆ ನಾನೂ ಹೋಗುತ್ತಿದ್ದೆ. ಅಲ್ಲಿ ಆವರಣದ ಬೇವಿನ ಮರದ ಕೆಳಗೆ ಸಾಹೇಬರು ನಿಂತಿರುತ್ತಿದ್ದರು. ಅಂಗಿಯ ಜೇಬಿನಲ್ಲಿ ಯಾವಾಗಲೂ ಹುರಿದ ಶೇಂಗಾ. ಸಿಪ್ಪೆ ನೆಲಕ್ಕೆ ಬೀಳಿಸದೆ ಇನ್ನೊಂದು ಜೇಬಿಗೆ ಹಾಕಿಕೊಳ್ಳುವರು. ಗಲಗಲಿಯ ಆ ಹೆಣ್ಣುಮಗಳು ಬಂದಿದ್ದರೆ ಅವಳಿಗೂ ಒಂದು ಹಿಡಿ. ಅವಳಿಗೂ "ರಿ" ಹಚ್ಚಿ ಮಾತು, ಅಪ್ಪನಿಗೂ "ರಿ" ಹಚ್ಚಿ ಮಾತು. ತಮ್ಮ ಕೈಯಿಂದ ಕೆಲಸ ಕಳೆದುಕೊಂಡವನನ್ನು ಅವರು ಕೊನೆಯವರೆಗೂ "ಸರ್ವೇಯರ್ರ" ಎಂದೇ ಕರೆದರು. ಅದರಲ್ಲಿ ಕುಹಕವಿರಲಿಲ್ಲ. ಹೆದರಿದವರು ಅವರ ಮುಂದೆ ತಡವರಿಸಿದರೆ ಅದೇ ಮಾತು: "ಮೊದಲಿಂದ ಹೇಳ್ರಿ. ಅವಸರಿಲ್ಲ."

ಒಂದು ದಿನ ನಾನು ನೆಟ್ಟಗೆ ಅವರ ಎದುರಿಗೆ ಹೋಗಿ ನಿಂತೆ. ಅಪ್ಪ ವಕೀಲರ ಹತ್ತಿರ ಹೋಗಿದ್ದ.

"ನಮ್ಮಪ್ಪ ಖರೇನ ರೊಕ್ಕಾ ಕೇಳಿದ್ರೇನ್ರಿ?"

ಅವರು ಶೇಂಗಾ ಸುಲಿಯುವುದು ನಿಲ್ಲಿಸಿದರು. ಅವರ ಹತ್ತಿರ ಅಪ್ಪನ ಮಾತಿನ ಧ್ವನಿಮುದ್ರಣವಿತ್ತು. ಒಂದು ಮಾತಿನಲ್ಲಿ ಹೌದೆಂದು ಹೇಳಿ ನನ್ನ ಬಾಯಿ ಮುಚ್ಚಿಸಬಹುದಿತ್ತು. 

"ಅದನ್ನ ನನಗ ಕೇಳಬ್ಯಾಡ ತಂಗಿ. ನಿಮ್ಮಪ್ಪಾರಿಗೆ ಕೇಳು. ನಾ ಹೇಳಿದ್ರ ನೀ ನಂಬೂದಿಲ್ಲ, ಮತ್ತ ನಂಬಿದ್ರ ನಿಮ್ಮ ಮನ್ಯಾಗ ಒಬ್ಬರಿಗೊಬ್ಬರ ಮಾರಿ ನೋಡೂದು ಬಿಡತೀರಿ. ಅವರ ಬಾಯಿಂದ ಬಂದ್ರ ಹಂಗ ಆಗೂದಿಲ್ಲ."

ಆ ಮಾತು ನನ್ನನ್ನು ಬಿಡಲಿಲ್ಲ. ಎಷ್ಟೋ ದಿನ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಓಡಾಡಿದೆ. ಕಡೆಗೊಂದು ಸಂಜೆ, ಅಪ್ಪ ಹಿತ್ತಲಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದಾಗ ಕೇಳಿಯೇ ಬಿಟ್ಟೆ. ಅವನು ಕೊಡ ಕೆಳಗಿಟ್ಟ. 

"ಕೇಳಿದ್ನಿ," ಎಂದ. "ಆಕಿಗೂ ಕೇಳಿದ್ನಿ, ಆಕಿಕಿಂತ ಮೊದಲಿನವರಿಗೂ ಕೇಳಿದ್ನಿ. ಮೊದಲನೇ ಸಲ ಎಣಸಲಾರದ ಕಿಸೆದಾಗ ಇಟ್ಕೊಂಡ್ನಿ. ಎರಡನೇ ಸಲ ಎಣಸಿ ಇಟ್ಕೊಂಡ್ನಿ. ಆಮ್ಯಾಲ ಅದು ಲಂಚಾ ಅಂತ ಅನಸೂದ ಬಿಟ್ಟಿತ್ತು. ಆಕಿ ನನಗ ಅಣ್ಣಾ ಅಂತಿದ್ಲು. 'ನಾಳಿಗಿ ತರತೀನ್ರಿ ಅಣ್ಣಾ' ಅಂದು ಹೋದ್ಲು. ನಾ ಹೂಂ ಅಂದೆ."

ಅಡುಗೆ ಮನೆಯ ಕಿಟಕಿಯ ಒಳಗೆ ಅವ್ವ ನಿಂತಿದ್ದಳು. ಅವಳು ಅತ್ತ ಸದ್ದು ಕೇಳಿಸಿತು. ಆದರೆ ಆ ರಾತ್ರಿ ನಾವು ಮೂವರೂ ಒಟ್ಟಿಗೆ ಕುಳಿತು ಉಂಡೆವು. ಅಪ್ಪನನ್ನು ಜೀಪಿನಲ್ಲಿ ಕರೆದೊಯ್ದ ದಿನದಿಂದ ಹಾಗೆ ಕುಳಿತಿರಲಿಲ್ಲ.

ಮುಂದಿನ ತಾರೀಖಿಗೆ ನ್ಯಾಯಾಧೀಶರು ಆರೋಪ ಓದಿ ಹೇಳಿ, ಒಪ್ಪುತ್ತೀರಾ ಎಂದು ಕೇಳಿದರು. ಇಲ್ಲ ಎನ್ನಬೇಕೆಂದು ವಕೀಲರು ಬಾಯಿಪಾಠ ಮಾಡಿಸಿದ್ದರು. ಇಂಥ ಕೇಸುಗಳಲ್ಲಿ ಸಾಕ್ಷಿಗಳು ತಿರುಗುತ್ತಾರೆ, ವರ್ಷಗಳು ಹೋಗುತ್ತವೆ, ಬಿಡುಗಡೆಯಾಗುತ್ತದೆ ಎಂಬ ಧೈರ್ಯ ಅವರದು. ಅಪ್ಪ ಕಟಕಟೆಯ ಪಟ್ಟಿ ಹಿಡಿದುಕೊಂಡು, "ಹೌದ್ರಿ. ತಗೊಂಡೇನ್ರಿ," ಎಂದ. ವಕೀಲರು ತಲೆ ಮೇಲೆ ಕೈ ಹೊತ್ತರು. ನಾನು ಸಾಹೇಬರ ಮುಖ ನೋಡಿದೆ. ಗೆದ್ದವರ ಮುಖ ಹಾಗಿರುವುದಿಲ್ಲ. ಅವರು ಗೋಡೆಯ ಪಕ್ಕದ ಬೆಂಚಿನ ಮೇಲೆ ಮೆಲ್ಲಗೆ ಕುಳಿತು, ಕರವಸ್ತ್ರ ತೆಗೆದು ಕಣ್ಣಿನ ಹತ್ತಿರ ಒರೆಸಿಕೊಂಡರು.

ಹೊರಗೆ ಬಂದಾಗ ಸಾಹೇಬರು ಅಪ್ಪನನ್ನು ಕೇಳಿದರು. "ವಕೀಲರಿಗೆ ಕೇಳಿ ಹಿಂಗ ಅಂದ್ರೇನ್ರಿ?"

"ಇಲ್ರಿ. ಮಗಳು ಕೇಳಿದ್ಲು, ಅದಕ್ಕ ಅಂದ್ನಿ."

ಶಿಕ್ಷೆಯಾಯಿತು. ನೌಕರಿ ಹೋಯಿತು, ಪಿಂಚಣಿ ಹೋಯಿತು. ಊರವರು ಅಪ್ಪನನ್ನು ಕಳ್ಳ ಎನ್ನುವುದಕ್ಕಿಂತ ಹೆಚ್ಚಾಗಿ ಹುಚ್ಚ ಎಂದರು. ಜಮಖಂಡಿಯ ಮನೆ ಮಾರಿ ನಾನೂ ಅವ್ವನೂ ಅವಳ ತವರೂರು ಬನಹಟ್ಟಿಗೆ ಬಂದೆವು. ಸೋದರಮಾವನ ಮನೆಯಲ್ಲಿ ಪವರ್‌ಲೂಮುಗಳಿದ್ದವು. ಬೆಳಗಿನಿಂದ ಮಗ್ಗಗಳ ಖಟಖಟ ಸದ್ದು. ಅವ್ವ ಎಳೆತನದಲ್ಲಿ ಬಿಟ್ಟುಬಂದ ಕೆಲಸಕ್ಕೆ ಮತ್ತೆ ಕೈ ಹಚ್ಚಿ, ಮಗ್ಗದ ಲಾಳಿಯಲ್ಲಿಡುವ ನೂಲಿನ ಉರುಳೆ, ಕಂಡಿಕೆ, ಸುತ್ತುತ್ತ ಕುಳಿತಳು. ನಾನೂ ಓದು ಬಿಟ್ಟು ಅವಳ ಪಕ್ಕ ಕುಳಿತೆ. ಪರೀಕ್ಷೆ ಪಾಸಾಗಿತ್ತು, ಆದರೆ ಮುಂದೆ ಹೋಗಲು ಮನಸ್ಸಿರಲಿಲ್ಲ. ಎಲ್ಲಿ ಹೋದರೂ ತಂದೆಯ ಹೆಸರು ಕೇಳುತ್ತಾರೆ ಎಂಬ ಭಯ.

ಒಮ್ಮೆ ಏನೋ ಕೆಲಸಕ್ಕೆ ಜಮಖಂಡಿಗೆ ಹೋಗಿ ಬಸ್ಸಿಗಾಗಿ ಕಾಯುತ್ತಿದ್ದೆ. ಸಾಹೇಬರು ನನ್ನನ್ನು ಗುರುತಿಸಿ ತಾವಾಗಿ ಬಂದರು. ಅಪ್ಪ ಆಗ ಜೈಲಿನಲ್ಲಿದ್ದ.

"ಏನ ಮಾಡಾಕತ್ತಿ ತಂಗಿ ಈಗ?"

"ಕಂಡಿಕಿ ಸುತ್ತಾಕತ್ತೇನ್ರಿ."

"ಛಲೋ ಕೆಲಸ. ಆದ್ರ ನಿನಗ ಸಾಲಿ ಕಲಸೂ ಮನಸಿತ್ತಂತ ನಿಮ್ಮಪ್ಪಾರು ಹೇಳಿದ್ರಲ್ಲ?"

ಆರೋಪಿಯಾಗಿ ಅವರ ಮುಂದೆ ಕುಳಿತ ಅಪ್ಪ ನನ್ನ ಬಗ್ಗೆ ಮಾತಾಡಿದ್ದನೆಂದು ನನಗೆ ಗೊತ್ತಿರಲಿಲ್ಲ. ಅವರು ತಮ್ಮ ಬಸ್ಸು ಬಂದು ಹೋದರೂ ಹತ್ತದೆ ನನ್ನ ಪಕ್ಕ ನಿಂತರು. 

"ಕೋರ್ಟು ಶಿಕ್ಷಾ ಕೊಟ್ಟಿದ್ದು ನಿಮ್ಮಪ್ಪಗ. ನಿನಗ ಕೊಟ್ಟಿಲ್ಲ," ಎಂದರು. "ಕೊಡಲಾರದ ಶಿಕ್ಷಾ ನೀನ ತಗೊಂಡ್ರ ಅದನ್ನ ಬಿಡಸಾಕ ಯಾವ ಕೋರ್ಟೂ ಇಲ್ಲ."

ಆ ವರ್ಷವೇ ಬಿ.ಎಡ್.ಗೆ ಸೇರಿದೆ. ಇವತ್ತು ತೇರದಾಳದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮನೆಯವರು ಹೇಳಿದ್ದರು, ಗೆಳತಿಯರು ಹೇಳಿದ್ದರು, ಯಾರ ಮಾತೂ ನಾಟಿರಲಿಲ್ಲ. ಅಪ್ಪನನ್ನು ಜೈಲಿಗೆ ಕಳಿಸಿದವರೇ ಹೇಳಿದ್ದರಿಂದ ನಾಟಿತು.

ಅಪ್ಪ ಶಿಕ್ಷೆ ಮುಗಿಸಿ ಬಂದು ಮಾವನ ಕಾರ್ಖಾನೆಯಲ್ಲಿ ಸೀರೆ ಮಡಚುವ ಕೆಲಸಕ್ಕೆ ಕುಳಿತ. ಮಾತು ಕಡಿಮೆಯಾಗಿತ್ತು. ಒಂದು ದಿನ ಬೆಳಿಗ್ಗೆ ಪತ್ರಿಕೆ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತ. ಲಂಚ ಹಿಡಿಯುವ ಅಧಿಕಾರಿಯ ಮೇಲೆಯೇ ಲಂಚದ ಆರೋಪ ಎಂಬ ಸುದ್ದಿ. ಸಾಹೇಬರ ಚಿತ್ರವೂ ಇತ್ತು.

ನಡೆದದ್ದು ಹೀಗೆ. ಕಾಲುವೆ ಕಾಮಗಾರಿಯೊಂದರಲ್ಲಿ ದೊಡ್ಡ ಗುತ್ತಿಗೆದಾರನೊಬ್ಬ ಮೇಲಿನ ಅಧಿಕಾರಿಗೆ ಹಣ ಮುಟ್ಟಿಸುವ ಸುಳಿವು ಅವರಿಗೆ ಸಿಕ್ಕಿತ್ತು. ಹಿಡಿಯಲು ಹೋದರು. ಅವರು ಹೋಗಿ ಮುಟ್ಟುವಷ್ಟರಲ್ಲಿ ಸುದ್ದಿ ಸೋರಿ ಅಲ್ಲಿ ಯಾರೂ ಇರಲಿಲ್ಲ. ಕೆಲವು ದಿನಗಳಲ್ಲಿ ಅದೇ ಗುತ್ತಿಗೆದಾರ ದೂರು ಕೊಟ್ಟ: ಕೇಸು ಹಾಕದಿರಲು ಇನ್ಸ್‌ಪೆಕ್ಟರ್ ತನ್ನಿಂದ ಹಣ ಕೇಳಿದರು ಎಂದು. ಸಾಹೇಬರ ಕೈಕೆಳಗಿನವರಿಬ್ಬರು ಹೌದು, ನಾವು ಕೇಳಿಸಿಕೊಂಡಿದ್ದೇವೆ ಎಂದರು. ಸಾಹೇಬರನ್ನು ಅಮಾನತು ಮಾಡಿ ಇಲಾಖೆಯ ವಿಚಾರಣೆ ಇಟ್ಟರು.

"ಸುಳ್ಳ," ಎಂದ ಅಪ್ಪ. "ಈ ಮನಷ್ಯಾ ತಗೊಳ್ಳೂವನಲ್ಲ. ನನಗ ಗೊತ್ತೈತಿ." ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮುಂದಿನ ರವಿವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಮುಧೋಳಕ್ಕೆ ಹೊರಟ. ಅದು ಸಾಹೇಬರ ಊರು. ಊರಿನ ಅಂಚಿನಲ್ಲಿ ಅಣ್ಣನ ಕಬ್ಬಿನ ಹೊಲಕ್ಕೆ ಹತ್ತಿಕೊಂಡು ಇದ್ದ ಸಣ್ಣ ಮನೆಯಲ್ಲಿ ಇದ್ದರು. ಅಂಗಳದಲ್ಲಿ ಬನಿಯನ್ನು ಹಾಕಿಕೊಂಡು ಕುಳಿತಿದ್ದವರನ್ನು ನಾನು ಮೊದಲು ಗುರುತಿಸಲೇ ಇಲ್ಲ. ಅಷ್ಟು ಬಡವಾಗಿದ್ದರು. ನಮ್ಮನ್ನು ನೋಡಿ ಎದ್ದು ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು.

"ಬರ್ರಿ ಸರ್ವೇಯರ್ರ. ಯಾಕ ತ್ರಾಸ ತಗೊಂಡ್ರಿ?"

ಅಪ್ಪ ಕೂಡಲಿಲ್ಲ. "ನಿಮ್ಮ ವಿಚಾರಣೆಯಾಗ ನಾ ಬಂದು ಸಾಕ್ಷಿ ಹೇಳತೀನ್ರಿ."

ಸಾಹೇಬರು ಅವನನ್ನು ನೋಡಿದರು. ನಕ್ಕರೋ ನಿಟ್ಟುಸಿರು ಬಿಟ್ಟರೋ ತಿಳಿಯಲಿಲ್ಲ. "ನಿಮ್ಮ ಮಾತ ಯಾರ ಕೇಳತಾರ್ರಿ? ಶಿಕ್ಷಾ ಆದಾವರು ನೀವು."

"ಗೊತ್ತೈತ್ರಿ."

"ನಿಮ್ಮನ್ನ ಅಲ್ಲಿ ಮತ್ತ ಕಳ್ಳ ಅಂತಾರ."

"ಅನ್ನಲಿರಿ. ಖರೇನ ಐತಲ್ರಿ. ಕೇಳೂದು ಬಿಡೂದು ಅವರಿಗೆ ಬಿಟ್ಟದ್ದರಿ. ಹೇಳೂದು ನನ್ನ ಕೆಲಸ."

ಸಾಹೇಬರ ಜೊತೆ ಕೆಲಸ ಮಾಡಿದ ಎಷ್ಟೋ ಜನರಲ್ಲಿ ಒಬ್ಬರೂ ಅವರ ಪರ ಸಾಕ್ಷಿ ಹೇಳಲು ಒಪ್ಪಿರಲಿಲ್ಲ. ಕೆಲವರು ಫೋನು ಎತ್ತುವುದನ್ನೇ ಬಿಟ್ಟಿದ್ದರು. ಕಡೆಗೆ, "ಬರ್ರಿ ಹಂಗಾರ," ಎಂದರು.

ವಿಚಾರಣೆ ನಡೆದದ್ದು ಬಾಗಲಕೋಟೆಯಲ್ಲಿ. ನನ್ನನ್ನು ಒಳಗೆ ಬಿಡಲಿಲ್ಲ, ಆದರೆ ಸೆಕೆಗೆಂದು ಬಾಗಿಲು ತೆರೆದಿಟ್ಟಿದ್ದರಿಂದ ಹೊರಗಿನ ಬೆಂಚಿಗೆ ಎಲ್ಲ ಕೇಳಿಸುತ್ತಿತ್ತು. ಅಪ್ಪ ತಾನು ಯಾರು, ಯಾವ ತಪ್ಪಿಗೆ ಶಿಕ್ಷೆಯಾಯಿತು ಎಂದು ತಾನೇ ಮೊದಲು ಹೇಳಿದ. ಆಮೇಲೆ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ನನ್ನ ಹಿಡದ ದಿನಾ ಬೀಳಗಿ ಕಡೆಯಿಂದ ಜಮಖಂಡಿಗೆ ಕರಕೊಂಡ ಬರಾಕತ್ತಿದ್ರು. ದಾರ್ಯಾಗ ಉಳದಾವರು ಚಾ ಕುಡ್ಯಾಕ ಇಳದ್ರು. ಜೀಪಿನ್ಯಾಗ ನಾವಿಬ್ಬರ ಇದ್ವಿ. ನಾ ಅವರಿಗೆ ಅಂದ್ನಿ, ನನ್ನ ಬಿಟ್ಟಬಿಡ್ರಿ, ನಮ್ಮ ಹಿರಿಯರ ಹೊಲಾ ಐತಿ, ನಿಮ್ಮ ಹೆಸರಿಗೆ ಮಾಡಿ ಕೊಡತೀನಂತ. ಅವರು ನನ್ನ ಮಾರಿ ಸೈತ ನೋಡಲಿಲ್ರಿ. 'ನಾ ಕೇಳಿಲ್ಲ. ಇನ್ನೊಮ್ಮೆ ಅಂದ್ರ ಕೇಳಬೇಕಾಗತೈತಿ, ಇನ್ನೊಂದ ಕೇಸ ಆಗತೈತಿ. ಮನ್ಯಾಗ ಹೆಂಡ್ತಿ ಮಗಳ ಅದಾರ, ಸುಮ್ಮ ಕುಂಡರ್ರಿ' ಅಂದ್ರು. ಯಾರೂ ಇಲ್ಲದ ಜಾಗಾದಾಗ ಒಂದ ಹೊಲಾ ಒಲ್ಲೆ ಅಂದಾವರು, ಗುತ್ತಿಗೆದಾರನ ಮುಂದ ಕೈ ಒಡ್ಡತಾರ ಅಂದ್ರ ನಾ ನಂಬೂದಿಲ್ರಿ."

ಆಮೇಲೆ ವಿಚಾರಣಾಧಿಕಾರಿಯ ದನಿ.

"ಅಂದರೆ ನೀವು ಲಂಚ ಕೊಡಲು ಮುಂದಾದಿರಿ. ಇವರು ಅದನ್ನು ಎಲ್ಲೂ ದಾಖಲಿಸಲಿಲ್ಲ. ಮುಚ್ಚಿಟ್ಟರು. ಹೌದೋ ಅಲ್ಲವೋ?"

"ಮುಚ್ಚಿಟ್ಟಿಲ್ರಿ. ನಮ್ಮ ಮ್ಯಾಲ ಕರುಣಾ ಬಂದು..."

"ಕರುಣೆಯ ವಿಷಯ ನಾನು ಕೇಳಲಿಲ್ಲ. ದಾಖಲಿಸಿದರೋ ಇಲ್ಲವೋ?"

ಅಪ್ಪನ ದನಿ ಸಣ್ಣದಾಯಿತು. "ಇಲ್ರಿ."

ಟೈಪಿಸ್ಟನ ಬೆರಳು ಓಡುವ ಸದ್ದು ಕೇಳಿಸಿತು. ಅವರಿಗೆ ಉಪಕಾರವಾಗಲೆಂದು ಅಪ್ಪ ಹೇಳಿದ ಮಾತು ಅವರ ಮೇಲೆ ಇನ್ನೊಂದು ಆರೋಪವಾಗಿ ಸೇರಿತು: ಕರ್ತವ್ಯಲೋಪ.

ಹೊರಗೆ ಬಂದ ಅಪ್ಪ ನನ್ನ ಪಕ್ಕ ಕುಸಿದು ಕುಳಿತ. ಅವನು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು; ಶಿಕ್ಷೆಯಾದ ದಿನವೂ ಅತ್ತಿರಲಿಲ್ಲ. ಸಾಹೇಬರು ಬಂದು ಎದುರಿಗೆ ನಿಂತರು.

"ನಿಮ್ಮ ಕುತ್ತಿಗಿಗೆ ನಾನ ಕಲ್ಲ ಕಟ್ಟಿದ್ನಿರಿ," ಎಂದ ಅಪ್ಪ.

"ಇಲ್ರಿ. ಆದದ್ದ ಆದಂಗ ಹೇಳಿದ್ರಿ. ಅದನ್ನೊಂದ ಮುಚ್ಚಿಟ್ಟು ಉಳದದ್ದ ಹೇಳಿದ್ರ ಅದು ನನಗ ಬೇಕಾಗಿದ್ದಿಲ್ಲ," ಎಂದರು. "ಏಳ್ರಿ, ಬಸ್ ತಪ್ಪತೈತಿ."

ಮುಧೋಳದವರೆಗೆ ಒಂದೇ ಬಸ್ಸಿನಲ್ಲಿ ಬಂದೆವು. ಅವರಿಬ್ಬರೂ ಒಂದು ಸೀಟಿನಲ್ಲಿ, ನಾನು ಹಿಂದೆ. ಲೋಕಾಪುರ ದಾಟಿದ ಮೇಲೆ ಅವರು ಜೇಬಿನಿಂದ ಶೇಂಗಾ ತೆಗೆದು ಅಪ್ಪನ ಅಂಗೈಗೆ ಹಾಕಿದರು. ಅಪ್ಪ ತಿಂದ. ಮುಧೋಳದಲ್ಲಿ ಇಳಿದು, ಬಸ್ಸು ಹೊರಡುವವರೆಗೂ ಕೆಳಗೆ ನಿಂತಿದ್ದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ವಿಚಾರಣೆ ಎಳೆಯುತ್ತ ಹೋಯಿತು. ಕರೆದಾಗಲೆಲ್ಲ ಅವರು ಹೋಗುತ್ತಿದ್ದರಂತೆ. ಅಧಿಕಾರಿ ರಜೆಯಲ್ಲಿದ್ದರೆ ಹಾಗೆಯೇ ಮರಳಿ ಬರುತ್ತಿದ್ದರಂತೆ. ಹಾಗೆ ಮರಳುವಾಗಲೇ ಒಂದು ಸಂಜೆ, ಬಸ್ಸಿನ ಕಿಟಕಿಗೆ ತಲೆಯಾನಿಸಿ ಕುಳಿತವರು ಕುಳಿತಂತೆಯೇ ಹೋಗಿಬಿಟ್ಟಿದ್ದರು. ಮುಧೋಳ ಬಂದಾಗ ನಿದ್ದೆ ಹತ್ತಿದೆಯೆಂದು ತಿಳಿದು ಕಂಡಕ್ಟರ್ ಭುಜ ಅಲುಗಿಸಿದನಂತೆ. ಸತ್ತವರ ಮೇಲೆ ವಿಚಾರಣೆ ನಡೆಯುವುದಿಲ್ಲವಂತೆ. ಅದನ್ನು ಅಲ್ಲಿಗೇ ಮುಚ್ಚಿದರು. ಅವರು ತಪ್ಪು ಮಾಡಿದ್ದರೆಂದು ಯಾರೂ ತೀರ್ಮಾನಿಸಲಿಲ್ಲ. ಮಾಡಿರಲಿಲ್ಲವೆಂದೂ ಯಾರೂ ಹೇಳಲಿಲ್ಲ.

ಸುದ್ದಿ ನಮಗೆ ತಡವಾಗಿ ತಿಳಿಯಿತು. ಮಣ್ಣಿಗೆ ಹೋಗಲಾಗಲಿಲ್ಲ. ತಿಳಿದ ಮರುದಿನವೇ ಅಪ್ಪ, ಅವ್ವ, ನಾನು ಮೂವರೂ ಮಾತಾಡಿಸಿ ಬರಲು ಹೋದೆವು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಬೀಗರು, ನೆಂಟರು ಹತ್ತಿಪ್ಪತ್ತು ಜನ ಕುಳಿತಿದ್ದರು. ಇಲಾಖೆಯವರು ಯಾರಾದರೂ ಬಂದಿದ್ದರೋ ಗೊತ್ತಿಲ್ಲ, ನಾನು ಕೇಳಲಿಲ್ಲ. ಅವರ ಅಣ್ಣ ನಮ್ಮ ಗುರುತು ಹತ್ತದೆ, "ಯಾವೂರ್ರಿ? ಅವಗ ನೀವು ಏನಾಗಬೇಕ್ರಿ?" ಎಂದು ಅಪ್ಪನನ್ನು ಕೇಳಿದರು.

ಅಪ್ಪ ಬಾಗಿಲಲ್ಲೇ ನಿಂತಿದ್ದ. ಪರಿಚಯದವರು ಎನ್ನಬಹುದಿತ್ತು. ಬನಹಟ್ಟಿಯವರು ಎಂದಿದ್ದರೂ ಸಾಕಿತ್ತು.

"ನನ್ನ ಹಿಡದು ಜೈಲಿಗೆ ಕಳಿಸಿದಾವರು ಇವರ್ರಿ," ಎಂದ.

ಕುಳಿತವರೆಲ್ಲ ತಿರುಗಿ ನೋಡಿದರು. ಆಗ ಒಳಗಿನಿಂದ ಅವರ ಹೆಂಡತಿ ಎದ್ದು ಬಂದರು. ಅತ್ತು ಅತ್ತು ಅವರ ದನಿ ಬಿದ್ದುಹೋಗಿತ್ತು.

"ಸರ್ವೇಯರ್ ಅಣ್ಣಾರೇನ್ರಿ? ಒಳಗ ಬರ್ರಿ," ಎಂದರು. ಜಮಖಾನೆಯ ಮೇಲೆ ಜಾಗ ಮಾಡಿಸಿ ಅಪ್ಪನನ್ನು ಕೂಡಿಸಿದರು. ಅವ್ವನ ಕೈ ಹಿಡಿದುಕೊಂಡು ತಾವೂ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ, ಅಪ್ಪನ ಮುಖ ನೋಡದೆಯೇ, ಕೆಳದನಿಯಲ್ಲಿ ಹೇಳಿದರು.

"ಸಸ್ಪೆಂಡ್ ಆದ ದಿನದಿಂದ ಅವರಿಗೆ ಅನ್ನ ಸೇರತಿದ್ದಿಲ್ರಿ. ತಾಟಿನ ಮುಂದ ಕುಂತು ಎದ್ದುಬಿಡತಿದ್ರು. ನೀವು ಸಾಕ್ಷಿ ಹೇಳಿದ ದಿನಾ ಮನಿಗೆ ಬಂದು, 'ಇವತ್ತ ಒಬ್ಬರು ನನ್ನ ಸಲುವಾಗಿ ಬಂದು ಖರೇ ಹೇಳಿದ್ರು ನೋಡು' ಅಂದ್ರು. ಬಿಸಿ ರೊಟ್ಟಿ ಮಾಡಸಿಕೊಂಡು, ಹೊಟ್ಟಿ ತುಂಬ ಉಂಡ್ರು."

ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡ. ಅವರ ಅಣ್ಣ ಎದ್ದು ಬಂದು ಅಪ್ಪನ ಪಕ್ಕದಲ್ಲಿ ಕುಳಿತರು. ಒಳಗಿನಿಂದ ಯಾರೋ ಒಂದು ತಂಬಿಗೆ ನೀರು ತಂದು ಅವನ ಮುಂದಿಟ್ಟರು.